ಮೈಕಿನ ಮುಂದೆ ಕಸೂತಿ ರಿಂಗು

ನವೆಂಬರ್ ೨೧, ಗುರುವಾರ

ರಿಂಗಿನ ತಿರುಪು ಗಟ್ಟಿ ಇದೆಯೋ ಇಲ್ಲವೋ, ಬೆಳಗ್ಗೆಯಿಂದ ಅದೇ ಯೋಚನೆ. ಮಗಳ ಮೊದಲ ರ‍್ಯಾಪ್ ಹಾಡು ಇವತ್ತು ಸ್ಟುಡಿಯೋದಲ್ಲಿ ರೆಕಾರ್ಡ್ ಆಗೋದಿತ್ತು. ಸ್ಟುಡಿಯೋದವರು ಕೊಟ್ಟಿದ್ದು ಒಂದೇ ಗಂಟೆ.

ಇವಳು ಮೈಕಿಗೆ ಬಾಯಿ ತಾಗಿಸಿಕೊಂಡೇ ಪಟಪಟ ಅಂತ ಹೇಳುತ್ತಾಳೆ. ಬಾಯಿಯ ಗಾಳಿ ಬಡಿದು ರೆಕಾರ್ಡಿನಲ್ಲಿ ಡಬ್ ಡಬ್ ಅನ್ನುತ್ತೆ. ಅದನ್ನು ತಡೆಯೋಕೆ ಅಂತ ಮನೆಯ ಮೈಕಿನ ಮುಂದಿಡಲು ನಾನೇ ಕಸೂತಿ ರಿಂಗಿಗೆ ಹಳೇ ತೆಳು ಕಾಲುಚೀಲ ಎರಡು ಪದರ ಬಿಗಿದು ಕೊಟ್ಟಿದ್ದೆ. ಅದನ್ನು ಸ್ಟುಡಿಯೋಗೆ ತರಬೇಡ ಕಣೇ, ಮರ್ಯಾದೆ ಹೋಗುತ್ತೆ ಅಂತ ಬೇಡಿಕೊಂಡೆ. ಕೇಳಿದರೆ ತಾನೇ!

ಅಲ್ಲಿಯ ಕಬ್ಬಿಣದ ಜಾಲರಿ ಇಟ್ಟು ಮೂರು ಸಲ ಹಾಡಿದಳು. ಇವಳ ಗಾಳಿಗೆ ಅದು ಸಾಲಲೇ ಇಲ್ಲ. ಅರ್ಧ ಗಂಟೆ ಹೋಯ್ತು. ಆಗ ಚೀಲದಿಂದ ರಿಂಗು ತೆಗೆದಳು.

"ಏನಮ್ಮಾ, ಹಿಟ್ಟಿನ ಜರಡಿ ತಂದಿದ್ದೀಯಾ?" ಅಂದ ರೆಕಾರ್ಡ್ ಮಾಡುವವ.

"ನಮ್ಮಮ್ಮ ಮಾಡಿದ್ದು. ಮೊದಲು ಕೇಳಿ, ಆಮೇಲೆ ನಗಿ."

ನಾನು ನೆಲ ನೋಡುತ್ತಾ ಕೂತೆ. ಇವಳು ಹಾಡಿ ಮುಗಿಸಿದಳು. ಅವನು ಹೆಡ್‌ಫೋನ್ ಒತ್ತಿ ಹಿಡಿದು ಎರಡು ಸಲ ಕೇಳಿದ. ನಗಲಿಲ್ಲ. ಹೆಡ್‌ಫೋನ್ ನನ್ನ ಕೈಗೆ ಕೊಟ್ಟ. ಒಂದೊಂದು ಮಾತೂ ತೊಳೆದಿಟ್ಟ ಹಾಗಿತ್ತು.

"ಅಮ್ಮಾ, ನನಗೂ ಒಂದು ಮಾಡಿಕೊಡ್ತೀರಾ?"

ಐದನೇ ಕ್ಲಾಸಿಗೇ ಶಾಲೆ ಬಿಟ್ಟವಳು ನಾನು. ಅಷ್ಟು ದೊಡ್ಡ ಮಿಷಿನುಗಳ ನಡುವೆ ನನ್ನ ಕೈಕೆಲಸ ಕೂತಿತ್ತು. ದಾರಿಯುದ್ದಕ್ಕೂ ಮಡಿಲಲ್ಲಿಟ್ಟ ರಿಂಗನ್ನೇ ನೋಡುತ್ತಾ ಬಂದೆ. "ಈಗ ಇನ್ನೇನಮ್ಮಾ ಚಿಂತೆ?" ಅಂತ ಮಗಳು ರೇಗಿಸಿದಳು. ಚಿಂತೆ ಅಲ್ಲ ಕಣೇ ಅಂದೆ, ಅದರ ತಿರುಪು ಇನ್ನೊಂದು ಸುತ್ತು ಬಿಗಿದೆ.

ಅವನಿಗೆ ಎರಡು ಪದರ ಸಾಕೋ, ಮೂರು ಹಾಕಲೋ? ಉಳಿದಿರುವುದು ಒಂದೇ ಕಾಲುಚೀಲ, ಅದೂ ತೂತು ಬಿದ್ದಿದ್ದರೆ? ಎದ್ದು ಒಂದು ಸಲ ನೋಡಿಯೇ ಮಲಗಬೇಕು.