ಗುಲಾಲಿನ ಚೀಲ

ಕುಲಗೋಡ

ಅಧ್ಯಕ್ಷಳಾಗಬೇಕಾಗಿದ್ದ ನಮ್ಮ ಸುವರ್ಣಾಗೆ,

ನನ್ನನ್ನು ಕೇಳದೆ ಗೋಕಾಕದ ಯಾವ ಪುಢಾರಿಯೂ ಚಹಾ ಸಹ ಕುಡಿಯುವುದಿಲ್ಲ. ಅಂಥವನ ಮಾತು ಕೇಳು. ಹುಕ್ಕೇರಿ ಶಿಬಿರದಲ್ಲಿ ನಿಮಗೆ ಪಂಚಾಯಿತಿ ಕಲಿಸಲು ಅಣಕು ಚುನಾವಣೆ ನಡೆಸಿದರಂತೆ, ಸೋತದ್ದಕ್ಕೆ ನೀನು ಊಟ ಬಿಟ್ಟಿದ್ದೀಯಂತೆ. "ಹುಡುಗಿನ್ನ ಕರಕೊಂಡ ಬರ್ರಿ" ಎಂದು ನಿನ್ನ ಅವ್ವ ನನ್ನ ಬೆನ್ನು ಹತ್ತಿದ್ದಾಳೆ. ನಾನು ಬರುವುದಿಲ್ಲ. ಪತ್ರದ ಜೊತೆ ಶೇಂಗಾ ಹೋಳಿಗೆ ಇವೆ, ತಿಂದು ಶಿಬಿರ ಮುಗಿಸು.

ನಾನು ಪಂಚಾಯಿತಿಗೆ ನಿಂತಾಗ ಗೆದ್ದ ಮೇಲೆ ಎರಚಲು ಒಂದು ಚೀಲ ಗುಲಾಲು ಮೊದಲೇ ಖರೀದಿಸಿದ್ದೆ. ಮೂಡಲಗಿಯಲ್ಲಿ ಎಣಿಕೆ ಮುಗಿದ ಮೇಲೆ ನನ್ನ ಜೊತೆ ಬಂದವರೆಲ್ಲ ಗೆದ್ದವನ ಟ್ರ್ಯಾಕ್ಟರ್ ಹತ್ತಿದರು. ನಾನು ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಬಸ್ಸಿನಲ್ಲಿ ಒಬ್ಬನೇ ಬಂದೆ.

"ಗೆದ್ರೇನ್ರಿ ಕಾಕಾ?" ಅಂದ ಕಂಡಕ್ಟರ್.

"ಮತ್ತ!" ಎಂದು ಗೆದ್ದವನಂತೆ ಅವನ ಹಣೆಗೆ ಗುಲಾಲು ಹಚ್ಚಿದೆ. ಹಚ್ಚಲು ಬೇರೆ ಯಾರೂ ಇರಲಿಲ್ಲ.

ನಿಮ್ಮಂಥ ಹುಡುಗರಿಗೆಲ್ಲ ಎರಡೇ ಮತದಿಂದ ಸೋತೆ ಅಂತ ಹೇಳುತ್ತ ಬಂದಿದ್ದೇನೆ. ನೀನು ನಾಲ್ಕು ಮತದಿಂದ ಸೋತು ಅಳುತ್ತಿದ್ದೀ ಅಂತ ಕೇಳಿ, ನಿನಗೊಬ್ಬಳಿಗೆ ಖರೆ ಬರೆಯುತ್ತಿದ್ದೇನೆ. ಆ ಸಂಜೆ ನಾನು ಮನೆಮಂದಿಯ ಜೊತೆ ಸಾಲಾಗಿ ಕೂತು, ಯಾರನ್ನೂ ಏನೂ ಕೇಳದೆ ರೊಟ್ಟಿ ತಿಂದೆ. ನಮ್ಮ ಮನೆಯ ಮತಗಳೇ ಹದಿನಾಲ್ಕು. ನನಗೆ ಬಿದ್ದವು ಒಟ್ಟು ಒಂಬತ್ತು.

ನಿನ್ನ
ಸತ್ತೆಪ್ಪ ಕಾಕಾ