ಗಂಟಲಿಗೆ ಬರಬಾರದ ಔಷಧಿ

ಆಗಸ್ಟ್ 3, ಬುಧವಾರ. ಬೆಳಿಗ್ಗೆ

ಚಹಾ ಆಯ್ತು. ರೊಟ್ಟಿ ಆಯ್ತು — ನನ್ನದು ಇವತ್ತೂ ಭೂಪಟ. ಹಣಮಂತ್ರಾಯ ಡ್ಯೂಟಿಗೆ ಹೋದ. ಹೋಗುವ ಮುಂಚೆ ಬಾಗಿಲ ಹಿಂದೆ ನಿಲ್ಲಿಸಿಕೊಂಡು ಕೆನ್ನೆ ಹಿಂಡಿದ! ಮದುವೆಯಾಗಿ ಮೂರು ತಿಂಗಳು, ಇನ್ನೂ ಅವನ ಬೈಕಿನ ಸದ್ದಿಗೆ ಕೈಯಲ್ಲಿನ ಹಿಟ್ಟು ಜಾರುತ್ತದೆ.

ಅವನು ಕಾಲುವೆ ಆಫೀಸಿನಲ್ಲಿ ಜೂನಿಯರ್ ಇಂಜಿನಿಯರ್. ನೀರು ಬಿಟ್ಟಿದ್ದಾರೆ, ಹಾಗಾಗಿ ಸುರಪುರದ ಕಡೆ ಗೇಟಿನಿಂದ ಗೇಟಿಗೆ ಓಡಾಟ. ನಮ್ಮ ದೋರನಹಳ್ಳಿ ಸುತ್ತ ಎಲ್ಲಿ ನೋಡಿದರೂ ನೀರು ನಿಂತ ಗದ್ದೆ. ಬಿಸಿಲು ಬಿದ್ದರೆ ಕಣ್ಣು ಬಿಡಲಾಗದಷ್ಟು ಹೊಳಪು. ಎಷ್ಟು ಬ್ಯೂಟಿಫುಲ್! ನನ್ನ ತಲೆಗೆ ಮಾತ್ರ ಆಗಿಬರುವುದಿಲ್ಲ.

28ಕ್ಕೆ ಯಾದಗಿರಿಯಲ್ಲಿ ಟಿಇಟಿ. ಒಂದೇ ದಿನ ಎರಡು ಪೇಪರ್. ಕಳೆದ ಸಲ ಮೈಗ್ರೇನ್ ಬಂದು ಅರ್ಧಕ್ಕೇ ಎದ್ದು ಬಂದಿದ್ದೆ. ಅತ್ತೆ ದೇವಕಮ್ಮನದು ನೇರ ಮಾತು: “ಇದೊಂದು ಸಲ ಬರಿ, ನಾ ಅಡ್ಡ ಬರಂಗಿಲ್ಲ. ಮತ್ತ ಎದ್ದು ಬಂದಿ ಅಂದ್ರ ಪುಸ್ತಕ ಅಟ್ಟಕ್ಕ ಏರ್ತಾವ ನೋಡು.”

ಏರುವುದಿಲ್ಲ. ಟೀಚರ್ ಆಗಿಯೇ ಆಗುತ್ತೇನೆ.

ಆಗಸ್ಟ್ 6, ಶನಿವಾರ

ಯಾದಗಿರಿಗೆ ಹೋಗಿ ಡಾಕ್ಟರಮ್ಮನನ್ನು ಕಂಡೆವು. ಗುಳಿಗೆ ನುಂಗಿದರೆ ವಾಂತಿಯಲ್ಲಿ ಹೊರಗೆ ಬರುತ್ತದೆ ಅಂದೆ. ಮೂಗಿಗೆ ಹೊಡೆದುಕೊಳ್ಳುವ ಸ್ಪ್ರೇ ಬರೆದರು! ಅಂಗಡಿಯಲ್ಲಿ ಇದ್ದದ್ದು ಎರಡೇ. ಒಂದರಲ್ಲಿ ಒಂದು ಸಲಕ್ಕೆ ಆಗುವಷ್ಟು ಮಾತ್ರ ಔಷಧಿ. ಚೀಟಿ ಬರೆಯುವಾಗಲೇ ಹೇಗೆ ಹಾಕಬೇಕು ಅಂತ ಡಾಕ್ಟರಮ್ಮ ಶುರು ಮಾಡಿದ್ದರು. “ಮೇಡಂ, ಲೀಫ್‌ಲೆಟ್ ಇದೆಯಲ್ಲ, ಐ ವಿಲ್ ರೀಡ್ ಇಟ್” ಅಂದುಬಿಟ್ಟೆ. ಹೊರಗೆ ಅಷ್ಟು ರಶ್.

ಇಂಗ್ಲಿಷ್ ಮೀಡಿಯಂ ಹುಡುಗಿ ನಾನು. ಒಂದು ಚೀಟಿ ಓದಲು ಬಾರದೇ?

ಆಗಸ್ಟ್ 12, ಶುಕ್ರವಾರ

ನಿನ್ನೆ ಬಂತು. ಗದ್ದೆಗೆ ಬುತ್ತಿ ಒಯ್ಯುವಾಗ ಕಣ್ಣಂಚಿನಲ್ಲಿ ಗರಗಸದ ಹಲ್ಲಿನಂಥ ಬೆಳಕು, ಮನೆ ಮುಟ್ಟುವುದರೊಳಗೆ ಎಡಗಡೆ ಸುತ್ತಿಗೆ ಏಟು. ಸ್ಪ್ರೇ ತೆಗೆದು ಕುಳಿತೆ. ಲೀಫ್‌ಲೆಟ್ ಹುಡುಕುವ ಸ್ಥಿತಿ ಇರಲಿಲ್ಲ.

ಅತ್ತೆ ಓಡಿ ಬಂದರು. “ಏ ಹುಚ್ಚಿ, ಕುಂತು ಹಾಕ್ಕೊಂಡ್ರ ಎಲ್ಲಾ ಹೊರಗ ಸೋರ್ತೈತಿ! ಮಕ್ಕೋ.”

ಇಲ್ಲಿ ಅರ್ಧತಲೆ ನೋವಿಗೆ ತುಂಬೆ ಸೊಪ್ಪಿನ ರಸ ಮೂಗಿಗೆ ಬಿಡುವ ರೂಢಿ. ಹೊರಸು ಮಂಚದ ಅಂಚಿನಿಂದ ತಲೆ ಕೆಳಗೆ ಜೋತು ಬಿಡಬೇಕು, ಗಂಟಲಿಗೆ ಇಳಿಯುವವರೆಗೆ ಎಳೆಯಬೇಕು. ಸ್ಪ್ರೇಗೂ ಅದೇ ಪೂಜೆ.

“ಎಳಿ! ಜೋರ್ಲೆ ಎಳಿ! ಗಂಟಲಿಗೆ ಬಂತಾ? ಕಹಿ ಹತ್ತಿತಾ?”

“ಹತ್ತಿತ್ರೀ…”

“ಹಾಂ. ಈಗ ಔಷಧ ಮುಟ್ಟಿತು.”

ಮುಟ್ಟಲಿಲ್ಲ. ವಾಂತಿ. ಸಂಜೆವರೆಗೂ ಕತ್ತಲೆ ಕೋಣೆ. ಪಕ್ಕದ ಮನೆ ಮುನ್ನಿಬೀ ಸದ್ದು ಕೇಳಿ ಇಣುಕಿ, “ಯಾ ಅಲ್ಲಾ! ದೇವಕಮ್ಮಾ, ಪೇಡೆ ಯಾವಾಗ ಹಂಚ್ತಿ?”

“ಮೂಗಿನ ಔಷಧಕ್ಕ ಯಾರರ ಬಸರ ಆಗ್ತಾರೇನ, ಹೋಗಾ!”

ನಗು ಬಂತು. ನಕ್ಕರೆ ತಲೆ ಸಿಡಿಯುತ್ತಿತ್ತು.

ಆಗಸ್ಟ್ 13, ಶನಿವಾರ

ಡಾಕ್ಟರಮ್ಮನಿಗೆ ಫೋನ್ ಮಾಡಿ, ಔಷಧಿ ಸರಿಯಿಲ್ಲ ಅಂತ ಜೋರಾಗಿಯೇ ಹೇಳಿದೆ.

“ಹೆಂಗ ಹಾಕ್ಕೊಂಡ್ರಿ?” ಅಂದರು. ಹೇಳಿದೆ. ಆ ಕಡೆಯಿಂದ ನಗು!

ಮೂಗಿನ ಒಳಗೋಡೆ ತೆಳು, ತೇವ, ಅದರ ಹಿಂದೆಯೇ ರಕ್ತನಾಳಗಳ ಬಲೆ. ಔಷಧಿ ಅಲ್ಲಿ ಕೂತರೆ ನೇರ ರಕ್ತಕ್ಕೆ ಇಳಿಯುತ್ತದಂತೆ. ಗಂಟಲಿಗೆ ಹೋದದ್ದು ಹೊಟ್ಟೆಗೆ ಹೋದಂತೆ. ಮೈಗ್ರೇನ್ ಬಂದಾಗ ಹೊಟ್ಟೆ ಅರ್ಧ ಮುಷ್ಕರದಲ್ಲಿರುತ್ತದೆ, ಇದ್ದದ್ದನ್ನು ಮುಂದೆ ಕಳಿಸುವುದೇ ಇಲ್ಲ. “ಎಷ್ಟು ನೀಟಾಗಿ ಹಾಕಿದ್ರೂ ಒಂದಿಷ್ಟು ಹಿಂದಕ್ಕ ಜಾರ್ತದರಿ. ಆದ್ರ ಮೂಗು ಹೀರಿದ ಪಾಲು ಮೊದಲು ಕೆಲಸ ಶುರು ಮಾಡ್ತದ. ನೀವು ಅದನ್ನೂ ನುಂಗಿಬಿಟ್ರಿ!”

ಲೀಫ್‌ಲೆಟ್ ಬಿಡಿಸಿದೆ. ಚಿತ್ರವೇ ಇದೆ — ನೆಟ್ಟಗೆ ಕೂತ ಹುಡುಗಿ. ಒಂದು ಹೊಳ್ಳೆ ಒತ್ತಿ ಮುಚ್ಚಿದ್ದಾಳೆ. ಮೆಲ್ಲಗೆ ಉಸಿರು.

ರಾತ್ರಿ ಊಟಕ್ಕೆ ಕೂತಾಗ ಅತ್ತೆ ಒಪ್ಪಲಿಲ್ಲ. “ಎಳೀಲಿಲ್ಲಂದ್ರ ತಲಿಗೆ ಹೆಂಗ ಏರ್ತೈತಿ?”

ಹಣಮಂತ್ರಾಯ ಕೇಳಿದ, “ಅವ್ವಾ, ಗದ್ದಿಗೆ ಒಮ್ಮೆಲೆ ಜೋರ್ಲೆ ನೀರ ಬಿಟ್ರ?”

“ಒಡ್ಡು ಹಾರಿ ಹಳ್ಳಕ್ಕ ಹೋಗ್ತೈತಿ.”

“ಇಲ್ಲೂ ಹಂಗ.”

ಅತ್ತೆ ರೊಟ್ಟಿ ಮುರಿದರು. “ಹಂಗಾರ ಈಕಿ ಗಂಟಲ ಹಳ್ಳ ಅನ್ನು.”

ಉಳಿದದ್ದು ಒಂದೇ ಸ್ಪ್ರೇ. ಅಂಗಡಿಯಲ್ಲಿ ಸ್ಟಾಕ್ ಇಲ್ಲ. ಪ್ರಾಕ್ಟೀಸ್‌ಗೆ ಖಾಲಿ ಬಾಟಲಿ ಹಿಡಿದು ಕನ್ನಡಿ ಮುಂದೆ ನಿಂತೆ. ಅವನು ಹಿಂದೆ ನಿಂತು ಮೂಗು ಹಿಡಿದ… ಪ್ರಾಕ್ಟೀಸ್ ಆಗಲಿಲ್ಲ.

ಆಗಸ್ಟ್ 28, ಭಾನುವಾರ. ಬೆಳಗಿನ ಜಾವ

ಎಲ್ಲೋ ಕಾಲುವೆ ಗೇಟು ಸಿಕ್ಕಿಕೊಂಡಿದೆ ಅಂತ ಅವನಿಗೆ ಕರೆ ಬಂತು, ಹೋಗಿಬಿಟ್ಟ. ಅಳು ಬಂತು, ಅಳಲಿಲ್ಲ. ಅತ್ತೆ ಸೆರಗು ಸುತ್ತಿ ಹೊಸಿಲಲ್ಲಿ ನಿಂತಿದ್ದಾರೆ. “ಅವ ಇಲ್ಲಂದ್ರ ಬಸ್ಸು ಓಡಂಗಿಲ್ಲೇನು? ನಡಿ.”

ಅದೇ ದಿನ. ಸೆಂಟರ್, ಮಧ್ಯಾಹ್ನ ಬಿಡುವು

ಬರೆಯಲೇಬೇಕು. ಬಸ್ಸಿನಲ್ಲೇ ಬಂತು!! ಕಿಟಕಿಯಲ್ಲಿ ಮತ್ತೆ ಅದೇ ಗರಗಸ. ನೋವು ಶುರುವಾದ ಮೇಲೇ ಹಾಕಬೇಕು ಅಂತ ಲೀಫ್‌ಲೆಟ್. ಕಾದೆ. ಎಡಗಡೆ ಬಡಿತ ಎದ್ದಿತು. ಬಸ್ಸು ಕುಣಿಯುತ್ತಿದೆ, ಬಾಟಲಿ ಒಂದೇ.

ಅತ್ತೆ ನನ್ನ ಹೊಳ್ಳೆಗಳ ಕೆಳಗೆ ಬೆರಳಿಟ್ಟು ಉಸಿರು ನೋಡಿದರು. “ಎಡದ್ದು ಕಟ್ಟೈತಿ. ಬಲಕ್ಕ ಹಾಕು.” ಆಮೇಲೆ ಎದ್ದು ನಿಂತು ಡ್ರೈವರನಿಗೆ — “ಏ ತಮ್ಮಾ, ಒಂಚೂರು ನಿಂದ್ರಸು! ಸೊಸಿ ಮೂಗು ಐತಿ!”

ಇಡೀ ಬಸ್ಸು ತಿರುಗಿತು. ಡ್ರೈವರ್ ನಿಲ್ಲಿಸಿಯೇಬಿಟ್ಟ! ಅತ್ತೆ ನನ್ನ ತಲೆಯನ್ನು ಎರಡೂ ಕೈಯಲ್ಲಿ ನೆಟ್ಟಗೆ ಹಿಡಿದರು. ಒತ್ತಿದೆ. ಮೆಲ್ಲಗೆ ಉಸಿರು. ಎಳೆಯಬೇಕು ಅನ್ನಿಸುತ್ತಿತ್ತು…

“ಎಳೀಬ್ಯಾಡ! ಎಳದಿ ಅಂದ್ರ ಬಡೀತೀನಿ!”

ಎಳೆಯಲಿಲ್ಲ. ಒಂಚೂರೇ ಕಹಿ. ಯಾದಗಿರಿ ಬಸ್‌ಸ್ಟ್ಯಾಂಡಿನಲ್ಲಿ ಇಳಿಯುವಾಗ ಸುತ್ತಿಗೆ ಬಟ್ಟೆ ಸುತ್ತಿದಂತೆ ಮೆತ್ತಗಾಗಿತ್ತು. ಪ್ರಶ್ನೆಪತ್ರಿಕೆ ಕೈಗೆ ಬಂದಾಗ ಸಾಲುಗಳು ಅಲುಗಾಡದೆ ನಿಂತಿದ್ದವು. ಪೂರ್ತಿ ಬರೆದೆ. ಕೊನೆಯ ಬೆಲ್‌ವರೆಗೆ ಕೂತೆ. ಎದ್ದು ಬರಲಿಲ್ಲ!

ಹೊರಗೆ ಬಂದರೆ ಅತ್ತೆ ಕಾಂಪೌಂಡಿನ ನೆರಳಲ್ಲಿ ಯಾರೋ ಹುಡುಗಿಯ ತಾಯಿಗೆ ಪಾಠ ಹೇಳುತ್ತಿದ್ದರು. “ಎಳೀಬಾರದವ್ವಾ. ಎಳದ್ರ ಹಳ್ಳಕ್ಕ ಹೋಗ್ತೈತಿ.” ನನ್ನ ಮುಖ ನೋಡಿದ್ದೇ ಬುತ್ತಿ ಬಿಚ್ಚಿ ಮೊಸರನ್ನ ಕೈಗಿಟ್ಟರು. ಜ್ವರ ಬಿಟ್ಟವಳಂತೆ ಸುಸ್ತು. ಆದರೆ ತಲೆ ಹಗುರ, ಎಷ್ಟು ಹಗುರ ಅಂದರೆ…

ಎರಡನೇ ಪೇಪರಿಗೆ ಬೆಲ್.

“ಮುಂಜಾನಿಂದ ಬರದಿದ್ದು ಸಾಲಲಿಲ್ಲೇನು, ಇಲ್ಲೂ ಬರಿಯಾಕತ್ತಿ? ಒಳಗ ಹೋಗಿ ಬರಿ!”

ಹೋಗುತ್ತಿದ್ದೇನೆ ಅತ್ತೇ, ಹೋ—