ನಿನ್ನ ಸೈಟಿಗೆ ಕೊಟ್ಟ ಹೆಪ್ಪು

ಚಲುವಕ್ಕ,

ಇದನ್ನು ಅಂಚೆಗೆ ಹಾಕುವುದಿಲ್ಲ. ನಾಲ್ಕನೇ ಕ್ಲಾಸಿಗೇ ಸ್ಕೂಲು ಬಿಟ್ಟ ನನ್ನ ಅಕ್ಷರ ಕಂಡರೆ ನೀನು ಒಡೆಯದೆ ಎತ್ತಿಡುತ್ತೀಯ, ಗೊತ್ತು.

ಶ್ರೀರಂಗಪಟ್ಟಣದ ಈ ಹೊಸ ಬಡಾವಣೆಗೆ ಇವತ್ತು ಮೈಸೂರಿನ ಸಿಟಿ ಬಸ್ಸು ಬಂತು. ನಾಲೆಯ ತಿರುವಿನಲ್ಲಿ ಮಗುಚೀತೆಂದು ನನಗೆ ಈಗಲೇ ದಿಗಿಲು. ನಲ್ಲಿ, ಬೀದಿದೀಪ ಹೋದ ವರ್ಷವೇ ಬಂದವು. ಸಂಜೆ ಹೆಂಗಸರು ಒಬ್ಬೊಬ್ಬರೇ ಓಡಾಡುತ್ತಾರೆ. ಯಾರ ಸೊಸೆ ಎಂದು ಯಾರೂ ಕೇಳುವುದಿಲ್ಲ. ನಮ್ಮೂರು ಅರಕೆರೆಯಲ್ಲಿ ಬಟ್ಟೆ ಒಗೆಯುತ್ತಾ ನೀನು ಆಸೆಪಡುತ್ತಿದ್ದುದು ಇದನ್ನೇ ಅಲ್ಲವೇ?

ನನ್ನ ಮನೆಯ ಪಕ್ಕ ನೀನು ಮಾರಿದ ಸೈಟಿನಲ್ಲಿ ಮನೆ ಎದ್ದಿದೆ. ನಿನ್ನೆ ಹಾಲುಕ್ಕಿಸಿದರು. ಬೆಳಿಗ್ಗೆ ಆ ಮನೆಯ ರಂಜಿತ ಲೋಟ ಹಿಡಿದು ಬಂದಳು.

"ಒಂಚೂರು ಹೆಪ್ಪು ಕೊಡಿ ಅಕ್ಕ. ಎಲ್ಲಾ ತಂದು ಅದ್ನೇ ಮರ್ತ್‌ಬುಟ್ಟೆ."

ಕೊಟ್ಟೆ. ತೊಂಬತ್ತೊಂದರಲ್ಲಿ ನಾನು ಊರು ಬಿಡುವಾಗ ನೀನು ಕೊಟ್ಟ ಹೆಪ್ಪೇ ಅದು. ಒಂದು ದಿನವೂ ಕೆಡಲು ಬಿಟ್ಟಿಲ್ಲ.

"ಇಂಥಾ ಜಾಗ ಯಾಕಕ್ಕ ಮಾರ್ಬುಟ್ರು ಅವ್ರು?"

"ಆವು ಚೇಳು ಅವೆ, ನೀರಿಲ್ಲ, ಮಕ್ಕಳ್ನ ಕಟ್ಕೊಂಡು ಬರಬ್ಯಾಡಿ ಅಂತ ಯಾರೋ ಎದರಿಸ್ಬುಟ್ರಂತೆ ಕಣವ್ವ," ಎಂದೆ.

ಯಾರು ಎಂದು ಅವಳು ಕೇಳಿದ್ದರೆ, ನಾನೇ ಎನ್ನಬೇಕಾಗುತ್ತಿತ್ತು.

ಸಂಜೆ, ಮೊಸರು ಗಟ್ಟಿಯಾಗಿ ಬಂದಿದೆ ಎಂದು ತನ್ನ ಹಿತ್ತಲಿಂದಲೇ ಕೂಗಿ ಹೇಳಿದಳು. ನೀನೂ ನಾನೂ ಆಗ ಮಾತಾಡಿಕೊಂಡಂತೆ ಆ ಕಡೆ ಗೋಡೆ ಕಟ್ಟಿಸದೆ ಬಿಟ್ಟಿದ್ದೆನಲ್ಲ, ಚೆನ್ನಾಗಿ ಕೇಳಿಸಿತು.